ಹನ್ನೊಂದು ಮರಗಳ ಉದ್ಯಾನ

೪ ಫೆಬ್ರವರಿ ೧೯೬೩

ತಮ್ಮನಿಗೆ,

ಅಮ್ಮ ಬದುಕಿದ್ದಾಳೆ. ಮೊದಲು ಅದನ್ನು ಓದಿಕೋ, ಆಮೇಲೆ ಉಸಿರು ಬಿಡು. ಒಂಬತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡರೆ ನಿನ್ನ ಎದೆ ಧಸಕ್ಕೆನ್ನುತ್ತದೆ ಎಂದು ನನಗೆ ಗೊತ್ತು.

ಜನವರಿಯಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು ಹೊಸ ಆಸ್ಪತ್ರೆಯಲ್ಲಿದ್ದಾಳೆ, ಅದು ನೀನು ಹೋದ ಮೇಲೆ ಎದ್ದ ಬಡಾವಣೆಯಲ್ಲಿದೆ. ಮೂಳೆಯ ಚಿಂತೆ ಅಷ್ಟಿಲ್ಲ, ಎದೆ ಸೋತಿದೆ. "ಬೇಸಿಗೆ ದಾಟೋದು ಕಷ್ಟ, ಯಾರನ್ನಾದ್ರೂ ಕರೆಸೋದಿದ್ರೆ ಕರೆಸಿಬಿಡಿ" ಎಂದರು ಡಾಕ್ಟರಮ್ಮ. ಕರೆಸಲು ನಮಗೆ ಇನ್ನು ಯಾರಿದ್ದಾರೆ?

ನಮ್ಮ ಸರಕಾರಕ್ಕೂ ನಿಮ್ಮ ಸರಕಾರಕ್ಕೂ ಏನೋ ಒಪ್ಪಂದ ಆಗಿದೆಯಂತೆ. ಕೊನೆಗಾಲದಲ್ಲಿರುವ ತಂದೆ ತಾಯಿಯನ್ನು ನೋಡಲು ಮಕ್ಕಳು ಮೂರು ದಿನದ ಮಟ್ಟಿಗೆ ಗಡಿ ದಾಟಿ ಬರಬಹುದು. ಕ್ಷಿಪಣಿಗಳನ್ನು ಒಬ್ಬರ ಕಡೆಗೊಬ್ಬರು ತಿರುಗಿಸಿಟ್ಟುಕೊಂಡವರೂ ಇಷ್ಟಕ್ಕೆ ಒಪ್ಪಿದ್ದಾರೆ. ನೀನೂ ಒಪ್ಪು. ನಾನು ಇಲ್ಲಿಂದ ಅರ್ಜಿ ಹಾಕುತ್ತೇನೆ, ನೀನು ಅಲ್ಲಿಂದ ಹಾಕು.

ನಾನು ಅದೇ ನಕ್ಷೆ ಕಚೇರಿಯಲ್ಲಿ, ಅದೇ ಮೇಜಿನ ಮುಂದೆ ಇದ್ದೇನೆ. ಕನ್ನಡಕ ಬಂದಿದೆ.

ಇಂತಿ,
ನಿನ್ನ ಅಕ್ಕ


೨೬ ಫೆಬ್ರವರಿ ೧೯೬೩

ಅಕ್ಕನಿಗೆ (ಬರೆದವಳು ಅಕ್ಕನೇ ಆಗಿದ್ದರೆ),

ಪತ್ರ ಹದಿನೇಳು ದಿನ ತೆಗೆದುಕೊಂಡಿತು. ನಮ್ಮಿಬ್ಬರ ನಡುವೆ ಇರುವುದು ನೂರ ನಲವತ್ತು ಮೈಲಿ. ಅದು ನಡೆದುಕೊಂಡು ಬಂದಿದ್ದರೂ ಇನ್ನೂ ಬೇಗ ತಲುಪುತ್ತಿತ್ತು. ಲಕೋಟೆಯ ಬಾಯಿಗೆ ಎರಡು ಬಗೆಯ ಅಂಟಿದೆ. ಕೆಳಗಿನದು ಬಿಳಿ, ಮೇಲಿನದು ಹಳದಿ. ಒಂದು ನೀನು ಹಚ್ಚಿದ್ದು ಅಂದುಕೊಂಡಿದ್ದೇನೆ.

ಒಂಬತ್ತು ವರ್ಷ ಇಲ್ಲದ ಅಕ್ಕರೆ ಈಗ ಹೇಗೆ ಬಂತು? ನಾನು ಹೊರಟ ದಿನ ಬಾಗಿಲಲ್ಲಿ ನಿಂತು ನೀನೇನು ಹೇಳಿದೆ ಎಂಬುದು ನನಗೆ ನೆನಪಿದೆ: "ಹೋಗು, ಆ ಕಡೆಯವರ ಎಂಜಲು ತಿನ್ನೋದಕ್ಕೆ ಹೋಗು." ಆಗ ನಿನಗೆ ಸಮಾನತೆಯ ಹುಚ್ಚು, ನನಗೆ ಸ್ವಾತಂತ್ರ್ಯದ ಹುಚ್ಚು. ಅಮ್ಮ ಒಳಗೆ ಅಳುತ್ತಿದ್ದಳು, ನಾವಿಬ್ಬರೂ ಅವಳ ಕಡೆ ತಿರುಗಿ ನೋಡಲಿಲ್ಲ.

ಅಮ್ಮನ ಕಾಯಿಲೆ ನಿಜವಿರಬಹುದು. ಹಾಗೆಂದು ಹೇಳಿ ಕರೆಸಿಕೊಂಡು ಮರಳಿ ಕಳಿಸದೇ ಇಟ್ಟುಕೊಂಡ ಕಥೆಗಳನ್ನು ಇಲ್ಲಿನ ಪತ್ರಿಕೆಗಳು ವಾರಕ್ಕೊಂದರಂತೆ ಬರೆಯುತ್ತವೆ. ಅದಕ್ಕೇ ಒಂದು ಪ್ರಶ್ನೆ. ಅಪ್ಪ ನನ್ನನ್ನು ಏನೆಂದು ಕರೆಯುತ್ತಿದ್ದರು? ಉತ್ತರ ಸರಿಯಿದ್ದರೆ ಮಾತು ಮುಂದುವರಿಯಲಿ.

ಇಂತಿ,
ನಿನ್ನ ತಮ್ಮ


೧೯ ಮಾರ್ಚ್ ೧೯೬೩

ಇಂಚುಪಟ್ಟಿಗೆ,

ಸಾಕೋ? ಇನ್ನೂ ಬೇಕೋ? ನಾವಿಬ್ಬರೂ ಮಲಗುತ್ತಿದ್ದ ಹಾಸಿಗೆಯನ್ನು ಅಳೆದು, ನಿನ್ನ ಪಾಲಿಗೆ ಎರಡು ಬೆರಳು ಕಡಿಮೆ ಬಂತೆಂದು ಊರು ಕೇಳುವಂತೆ ಅತ್ತಿದ್ದೆ. ಅವತ್ತಿನಿಂದ ಅಪ್ಪ ನಿನಗೆ ಆ ಹೆಸರಿಟ್ಟರು. ಎಷ್ಟಾದರೂ ಭೂಮಾಪಕನ ಮಗ.

ನಿನ್ನ ಪ್ರಶ್ನೆ ಓದಿ ನನಗೆ ಸಿಟ್ಟು ಬಂತು, ನಾಲ್ಕು ದಿನ ಉತ್ತರ ಬರೆಯಲಿಲ್ಲ. ಆಮೇಲೆ ಅಮ್ಮ ಕೇಳಿದಳು, "ಅವನು ಬರ್ತಾನಂತಾ?" ಅಂತ. ಅದಕ್ಕೆ ಬರೆಯುತ್ತಿದ್ದೇನೆ.

ಎಂಜಲಿನ ಮಾತು ನಾನು ಆಡಬಾರದಿತ್ತು. ಅದನ್ನು ನೀನು ಒಂಬತ್ತು ವರ್ಷ ಜೋಪಾನವಾಗಿ ಇಟ್ಟುಕೊಳ್ಳಲೂ ಬಾರದಿತ್ತು. ನೀನು ಹೋದ ಮೇಲೆ ನಮ್ಮ ಮೂರು ಕೋಣೆಗಳಲ್ಲಿ ಎರಡನ್ನು ಬೇರೆಯವರಿಗೆ ಕೊಟ್ಟರು. ನನಗೆ ಬರಬೇಕಿದ್ದ ಬಡ್ತಿ ಪಕ್ಕದ ಮೇಜಿನವನಿಗೆ ಹೋಯಿತು. ದೂರಲು ಹೇಳುತ್ತಿಲ್ಲ. ನಾನೂ ಇಲ್ಲಿ ಸುಖವಾಗಿ ಕೂತು ನಿನ್ನನ್ನು ಬೈಯುತ್ತಿರಲಿಲ್ಲ ಎಂಬುದು ನಿನಗೆ ಗೊತ್ತಿರಲಿ ಅಂತ.

ಅರ್ಜಿಗೆ ಜಾಮೀನುದಾರಳಾಗಿ ಸಹಿ ಹಾಕಿದ್ದೇನೆ. ಮೂರು ದಿನ ನೀನು ಏನು ಮಾಡಿದರೂ ಅದು ನಾನು ಮಾಡಿದಂತೆ.

ಇಂತಿ,
ಅಕ್ಕ


೧೦ ಏಪ್ರಿಲ್ ೧೯೬೩

ಅಕ್ಕನಿಗೆ,

ಅಪ್ಪಣೆ ಸಿಕ್ಕಿದೆ. ಮೇ ೧೪ರಿಂದ ೧೬.

ನಮ್ಮ ಕಚೇರಿಯಲ್ಲಿ ನಾವು ಶಾಲಾ ಮಕ್ಕಳ ಭೂಪಟ ಮಾಡುತ್ತೇವೆ. ಅದರಲ್ಲಿ ಗುಟ್ಟೇನೂ ಇಲ್ಲ. ಆದರೂ ಅರ್ಜಿ ಹಾಕಿದ ಮೇಲೆ ಮೂರನೇ ಮಹಡಿಯಿಂದ ಕಪ್ಪು ಚೀಲ ಹಿಡಿದುಕೊಂಡು ಒಬ್ಬರು ಬಂದು ನನ್ನ ಪಕ್ಕ ಕೂತರು. ಅವರ ಕೆಲಸ ಏನೆಂದು ಯಾರೂ ಕೇಳುವುದಿಲ್ಲ. ಬಹಳ ಸೌಮ್ಯ ಮನುಷ್ಯ. "ನಿಮ್ಮ ಅಕ್ಕನ ಮೇಲೆ ನಿಮಗೆ ನಂಬಿಕೆ ಇದ್ಯಾ?" ಎಂದರು. "ಯೋಚನೆ ಮಾಡಿಲ್ಲ" ಎಂದೆ. "ಮಾಡಿ. ಇಲ್ಲಿ ನಿಂತ್ಕೋ, ಅಲ್ಲಿ ಹತ್ಕೋ, ಇಷ್ಟು ಹೊತ್ತಿಗೆ ಬಾ ಅಂತ ಬರೆದ್ರೆ ಮಾತ್ರ ಹುಷಾರು. ಹಾಗೆ ಬರೆಸೋರು ಬೇರೆಯವರು." ಎಂದು ಹೇಳಿ ಚೀಲ ತೆಗೆದುಕೊಂಡು ಹೋದರು.

ನಿಲ್ದಾಣಕ್ಕೆ ನೀನು ಬರುವುದು ಬೇಡ. ನಮ್ಮ ಗ್ರಂಥಾಲಯಕ್ಕೆ ನಿಮ್ಮ ನಗರದ ಹೊಸ ನಕ್ಷೆ ಬಂದಿದೆ. ನೋಡಿದ ಕೂಡಲೇ ಯಾರ ಕೈಯೆಂದು ಗೊತ್ತಾಯಿತು. ಮರಗಳಿಗೆ ಮೂರು ಚುಕ್ಕೆ ಇಟ್ಟು ಅಡಿಯಲ್ಲಿ ಪುಟ್ಟ ಗೆರೆ ಎಳೆಯುವವಳು ನೀನೊಬ್ಬಳೇ. ಅದರ ಪ್ರತಿಯೊಂದನ್ನು ನಿಲ್ದಾಣದಲ್ಲಿ ಕೊಂಡು ನಡೆದು ಬರುತ್ತೇನೆ. ದಾರಿ ಕೇಳುವ ಭೂಮಾಪಕ ಅಳತೆಯ ಸರಪಳಿ ಎತ್ತಿಟ್ಟು ಮನೆಗೆ ಹೋಗಬೇಕು ಎಂದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದಾರಲ್ಲ. ನಾವು ಮೂವರೂ ಯಾವ ಊರಿನಲ್ಲೂ ಯಾರನ್ನೂ ದಾರಿ ಕೇಳಿದವರಲ್ಲ.

ಇಂತಿ,
ತಮ್ಮ


೨೪ ಏಪ್ರಿಲ್ ೧೯೬೩

ತಮ್ಮಾ,

ಇದನ್ನು ಅರ್ಜೆಂಟ್ ಟಪಾಲಿನಲ್ಲಿ ಹಾಕುತ್ತಿದ್ದೇನೆ.

ನಡೆಯಬೇಡ. ನಿಲ್ದಾಣದ ಮುಂದೆ ನಾಲ್ಕನೇ ನಂಬರಿನ ಟ್ರಾಮ್ ಬರುತ್ತದೆ, ಅದನ್ನೇ ಹತ್ತು. ಹತ್ತು ಗಂಟೆಗೆ ನಾನು ಗಡಿಯಾರದ ಕೆಳಗೆ ನಿಂತಿರುತ್ತೇನೆ, ಇಬ್ಬರೂ ಕೂಡಿಯೇ ಹೋಗೋಣ. ನಾನು ಸಿಗದಿದ್ದರೆ ಟ್ರಾಮಿನವನನ್ನು ಕೇಳು, ಹಾದಿಯಲ್ಲಿ ಹೋಗುವವರನ್ನು ಕೇಳು, ಯಾರನ್ನಾದರೂ ಕೇಳು. ಊರು ಬಹಳ ಬದಲಾಗಿದೆ. ನಿನ್ನ ಕಾಲ ಹಿಡಿದುಕೊಳ್ಳುತ್ತೇನೆ, ಈ ಒಂದು ಸಲ ಅಕ್ಕನ ಮಾತು ಕೇಳು.

ಅಮ್ಮ ನಿನ್ನ ಹಳೆಯ ಕೋಟು ಹಾಸಿಗೆಯ ಮೇಲೆ ತರಿಸಿ ಇಟ್ಟುಕೊಂಡಿದ್ದಾಳೆ. ನಿನಗೆ ಅದು ಈಗ ಆಗುವುದಿಲ್ಲ ಎಂದರೆ, "ನನ್ನ ಮಗ ದಪ್ಪ ಆಗೋ ಜಾತಿಯೋನಲ್ಲ" ಎನ್ನುತ್ತಾಳೆ.

ಇಂತಿ,
ಅಕ್ಕ


೬ ಮೇ ೧೯೬೩

ಅಕ್ಕನಿಗೆ,

ಹನ್ನೆರಡು ದಿನಕ್ಕೇ ಬಂತು ನಿನ್ನ ಅರ್ಜೆಂಟು. ಲಕೋಟೆಗೆ ಈ ಸಲ ಒಂದೇ ಅಂಟು. ಯಾರೂ ತೆರೆಯಲಿಲ್ಲವೋ, ತೆರೆಯುವ ಅಗತ್ಯವಿರಲಿಲ್ಲವೋ?

ಇಲ್ಲಿ ನಿಲ್ಲು, ಇದನ್ನು ಹತ್ತು, ಇಷ್ಟು ಗಂಟೆಗೆ ಬಾ. ಕಪ್ಪು ಚೀಲದವರು ಹೇಳಿದ ಮೂರೂ ಒಂದೇ ಕಾಗದದಲ್ಲಿವೆ. ಅದೂ ಸಾಲದೆಂಬಂತೆ, ಅಪ್ಪನ ಮಗಳು ನನಗೆ ದಾರಿ ಕೇಳಲು ಹೇಳುತ್ತಾಳೆ! ಅಕ್ಷರ ನಿನ್ನದೇ. ಮಾತು ನಿನ್ನದಲ್ಲ. ನಿನ್ನ ಪಕ್ಕ ನಿಂತು ಯಾರು ಹೇಳಿ ಬರೆಸಿದರು?

ಅಮ್ಮನಿಗಾಗಿ ಬರುತ್ತೇನೆ. ನನ್ನ ಕಾಲ ಮೇಲೆ, ನನಗೆ ಸರಿ ಕಂಡ ದಾರಿಯಲ್ಲಿ.

ತಮ್ಮ


೨೭ ಮೇ ೧೯೬೩

ಅಕ್ಕ ಎಂದು ಕರೆಯಬೇಕಾದವಳಿಗೆ,

ಏನಾಯಿತೆಂದು ನಿನಗೆ ಗೊತ್ತೇ ಇದೆ. ಆದರೂ ನನ್ನ ಬಾಯಿಂದ ಕೇಳು.

ರೈಲು ಹತ್ತಕ್ಕೆ ಐದು ನಿಮಿಷವಿರುವಾಗ ಬಂತು. ನೀನು ಗಡಿಯಾರದ ಕೆಳಗೆ ನಿಂತಿದ್ದೆ. ಬೂದು ಕೋಟು, ಕೈಯಲ್ಲಿ ಕೈಚೀಲ. ಒಂದು ಕ್ಷಣ ಓಡಿ ಬಂದು ಅಪ್ಪಿಕೊಂಡುಬಿಡೋಣ ಅನ್ನಿಸಿತು. ನಿನ್ನ ಹಿಂದೆ ಟೋಪಿಯವನೊಬ್ಬ ಪತ್ರಿಕೆ ಓದುತ್ತಿದ್ದ. ಹಾಳೆ ಮಾತ್ರ ತಿರುವುತ್ತಿರಲಿಲ್ಲ. ನಾನು ಸರಕಿನ ಬಾಗಿಲಿನಿಂದ ಹೊರಬಿದ್ದೆ.

ಆ ಹೊಸ ಬಡಾವಣೆಯ ಕಡೆಗೆ ನಾನು ಕಾಲಿಟ್ಟವನಲ್ಲ, ಅಂಗಡಿಯಲ್ಲಿ ನಕ್ಷೆ ಕೊಂಡೆ. ಅದರ ಪ್ರಕಾರ ಕಾಲುವೆಯ ದಂಡೆ ಹಿಡಿದರೆ ಎಡಗಡೆ ಉದ್ಯಾನ, ಉದ್ಯಾನ ದಾಟಿದರೆ ಆಸ್ಪತ್ರೆ. ಅರ್ಧ ಗಂಟೆಯ ದಾರಿ. ನಾನೂರ ಮೂವತ್ತು ಹೆಜ್ಜೆಗೆ ಸೇತುವೆ ಬರಬೇಕಿತ್ತು, ಬರಲಿಲ್ಲ. ಕಾಲುವೆ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿತು. ಅಕ್ಕನೂ ತಪ್ಪುತ್ತಾಳಲ್ಲ ಅಂತ ನಗು ಬಂತು. ತಪ್ಪು ನಕ್ಷೆಯನ್ನು ತಿದ್ದದೇ ಮಡಚಿಡುವುದು ನಮ್ಮ ಮನೆಯವರಿಂದ ಆಗುವ ಕೆಲಸವಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದೆ. ಹೆಜ್ಜೆ ಎಣಿಸುತ್ತಾ, ಗುರುತು ಹಾಕುತ್ತಾ ಹೋದೆ. ನೀನು ಹನ್ನೊಂದು ಮರ ಬರೆದ ಉದ್ಯಾನದ ಜಾಗದಲ್ಲಿ ಒಂದು ಗೋಡೆಯಿತ್ತು. ಗೋಡೆಯ ಮೇಲೆ ಮುಳ್ಳುತಂತಿ, ಮೂಲೆಯಲ್ಲಿ ಕಾವಲು ಗೋಪುರ. ನಾನು ಗೋಡೆಯ ಉದ್ದ ಎಣಿಸಿ ಬರೆದುಕೊಳ್ಳುತ್ತಿರುವಾಗ ಹಿಂದಿನಿಂದ ಬಂದು ಹಿಡಿದರು.

ಆ ಕಡೆಯ ನಕ್ಷೆ ಕಚೇರಿಯವನು, ಸೈನ್ಯದ ಗೋಡೆಯ ಪಕ್ಕ, ಪೆನ್ಸಿಲ್ ಹಿಡಿದು. ಅವರ ಜಾಗದಲ್ಲಿ ನಾನಿದ್ದರೂ ಹಿಡಿಯುತ್ತಿದ್ದೆ. ಎರಡು ಕುರ್ಚಿ, ಒಂದು ಬಲ್ಬು ಇದ್ದ ಕೋಣೆಯಲ್ಲಿ ಮೂರು ದಿನ. "ಅಮ್ಮನ್ನ ನೋಡೋಕೆ ಬಂದೆ" ಎಂದು ಎಷ್ಟು ಸಲ ಹೇಳಿದೆನೋ. "ನಿಮ್ಮಮ್ಮ ಗೋಡೆ ಒಳಗಿದ್ದಾರಾ?" ಎಂದು ನಕ್ಕರು. ನಾಲ್ಕನೇ ದಿನ ರೈಲು ಹತ್ತಿಸಿದರು.

ಅಮ್ಮ ನನ್ನಿಂದ ಅರ್ಧ ಮೈಲಿ ದೂರದಲ್ಲಿದ್ದಳು. ನಾನು ನೋಡಲಿಲ್ಲ.

ಬೇರೆ ಯಾರು ಬರೆದ ನಕ್ಷೆಯಾಗಿದ್ದರೂ ಇದು ತಪ್ಪು ಅನ್ನುತ್ತಿದ್ದೆ. ನೀನು ಒಂದು ಕೂದಲೆಳೆ ಗೆರೆ ತಪ್ಪಿದರೆ ಇಡೀ ಹಾಳೆ ಹರಿದು ಹಾಕುವವಳು. ನಡೆಯಬೇಡ ಎಂದರೆ ನಾನು ನಡೆದೇ ನಡೆಯುತ್ತೇನೆಂದು ನಿನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಉದ್ಯಾನ ಯಾಕೆ ಬರೆದೆ? ಯಾರಿಗಾಗಿ ಬರೆದೆ?

ತಮ್ಮ


೧೪ ಜೂನ್ ೧೯೬೩

ತಮ್ಮಾ,

ನೀನು ಅಂದುಕೊಂಡ ಹಾಗಲ್ಲ. ಹೇಗೆ ಎಂದು ನಾನು ಬರೆಯಲಾರೆ.

ಅಮ್ಮ ಇನ್ನೂ ಇದ್ದಾಳೆ. ಮಾತು ಕಡಿಮೆಯಾಗಿದೆ. ದಿನಾ ಕೆಲಸ ಮುಗಿಸಿ ಆರು ಗಂಟೆಗೆ ಹೋಗಿ ಅವಳ ತಲೆ ಬಾಚುತ್ತೇನೆ. ನಾನು ಒಂದು ದಿನ ತಪ್ಪಿದರೆ ಅವಳು ನೀರನ್ನೂ ಮುಟ್ಟುವುದಿಲ್ಲ.

ಇಷ್ಟನ್ನೇ ಬರೆಯಬಲ್ಲೆ. ನೀನು ಬೈದು ಬರೆದರೂ ಸರಿ, ಬರೆ.

ಅಕ್ಕ


೨೫ ಜುಲೈ ೧೯೬೩

ತಮ್ಮಾ,

ಅಮ್ಮ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು.

ಇನ್ನು ನಾನು ಬರೆಯಬಹುದು. ಅವಳಿರುವ ತನಕ ನಾನು ಜೈಲಿನ ಹೊರಗಿರಬೇಕಿತ್ತು. ಅವಳ ತಲೆ ಬಾಚಲು, ನೀರು ಕುಡಿಸಲು ಒಂದು ಜೀವ ಬೇಕಿತ್ತು. ಈಗ ನನ್ನ ಅಗತ್ಯ ಯಾರಿಗೂ ಇಲ್ಲ, ಆದ್ದರಿಂದ ಹೆದರಿಕೆಯೂ ಇಲ್ಲ. ನಮ್ಮಿಬ್ಬರ ನಡುವೆ ಕೂತು ಇದನ್ನು ಓದುತ್ತಿರುವ ಮಹನೀಯರೇ, ಒಂದು ಸಾಲೂ ಬಿಡದೆ ಓದಿ. ಆಮೇಲೆ ನನ್ನ ತಮ್ಮನಿಗೆ ತಲುಪಿಸಿ.

ನೀನು ಗಡಿ ದಾಟಿದ ಮರುವರ್ಷ ನಮ್ಮ ಕಚೇರಿಗೆ ಒಂದು ಆದೇಶ ಬಂತು. ಅಂದಿನಿಂದ ನಮ್ಮಲ್ಲಿ ಪ್ರತಿ ಊರಿಗೂ ಎರಡು ನಕ್ಷೆಗಳು. ನಿಜವಾದದ್ದು ಕಬ್ಬಿಣದ ಬೀರುವಿನಲ್ಲಿರುತ್ತದೆ. ಅಂಗಡಿಯಲ್ಲಿ ಮಾರುವುದು ಸುಳ್ಳಿನದು. ನಿಮ್ಮ ಕಡೆಯವರು ಬಾಂಬು ಹಾಕಲು ಬಂದರೆ ದಾರಿ ತಪ್ಪಲಿ ಅಂತ. ಸುಳ್ಳಿನ ನಕ್ಷೆಯನ್ನು ಬರೆಯುವವಳು ನಾನು. ಕಾಲುವೆಯನ್ನು ತಿರುಗಿಸಿದ್ದು, ಇಲ್ಲದ ಸೇತುವೆಯನ್ನು ಎಬ್ಬಿಸಿದ್ದು, ಆಸ್ಪತ್ರೆಯನ್ನು ಅರ್ಧ ಮೈಲಿ ಆಚೆ ಒಯ್ದು ಇಟ್ಟದ್ದು ನಾನೇ. ಸೈನ್ಯದ ಕಾರ್ಖಾನೆಯ ಗೋಡೆಯ ಜಾಗ ಖಾಲಿ ಬಿಟ್ಟರೆ ಅನುಮಾನ ಬರುತ್ತದೆ, ಏನಾದರೂ ತುಂಬಿಸು ಎಂದರು. ನಾನು ಮರ ಬರೆದೆ. ಮೊದಲ ಸಲ ಬೇಕೆಂದೇ ಗೆರೆ ತಪ್ಪಿಸಿ ಎಳೆದ ದಿನ ಅಪ್ಪನ ಮುಖ ನೆನಪಾಯಿತು. ಆಮೇಲೆ ನೆನಪಾಗಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆಯ ವಿಷಯ. ಗೆರೆಗಳು ಎಷ್ಟು ನೀಟಾಗಿವೆ ಅಂತ ಹೆಮ್ಮೆಯನ್ನೂ ಪಟ್ಟೆ.

ಈ ಊರಿನವರು ಯಾರೂ ಆ ನಕ್ಷೆ ಕೊಳ್ಳುವುದಿಲ್ಲ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದಾರಿ ಬೇಕಾದವರು ಒಬ್ಬರನ್ನೊಬ್ಬರು ಕೇಳುತ್ತಾರೆ. ಅದನ್ನು ನಂಬುವವನು ಜಗತ್ತಿನಲ್ಲಿ ಒಬ್ಬನೇ, ನನ್ನ ಕೈಯ ಮೇಲೆ ಅಷ್ಟು ನಂಬಿಕೆ ಇಟ್ಟ ನನ್ನ ತಮ್ಮ. ನನ್ನ ಪತ್ರದ ಮೇಲೆ ನಿನಗೆ ಅನುಮಾನವಿತ್ತು, ಗೆರೆಯ ಮೇಲೆ ಇರಲಿಲ್ಲ. ತಿರುಗುಮುರುಗು ಮಾಡಿಕೊಂಡೆಯಲ್ಲೋ.

ನಕ್ಷೆ ಸುಳ್ಳು ಎಂದು ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದು ದೇಶದ್ರೋಹ. ಅಮ್ಮ ಆಸ್ಪತ್ರೆಯಲ್ಲಿ ಒಬ್ಬಳೇ ಆಗುತ್ತಿದ್ದಳು. ಅದಕ್ಕೇ ಟ್ರಾಮು ಹತ್ತು, ದಾರಿ ಕೇಳು ಅಂತ ಬಡಕೊಂಡೆ. ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ ಕಣೋ, ನಾನೊಬ್ಬಳೇ ಇದ್ದೆ. ಆ ಟೋಪಿಯವನು ಯಾರೋ ನನಗೂ ಗೊತ್ತಿಲ್ಲ. ಗಡಿಯಾರದ ಕೆಳಗೆ ಎರಡು ಗಂಟೆಯವರೆಗೆ ನಿಂತಿದ್ದೆ.

ನೀನು ಸಿಕ್ಕಿಬಿದ್ದ ಮೇಲೆ ನನ್ನನ್ನೂ ಕರೆಸಿದರು. "ನಿಮ್ಮ ತಮ್ಮ ಯಾಕೆ ಬಂದ?" "ಅಮ್ಮನ್ನ ನೋಡೋಕೆ." "ಅದು ಗೊತ್ತು. ಯಾಕೆ ಬಂದ?" ಎರಡು ದಿನ ಇದೇ. ನೀನು ನನ್ನ ವಿರುದ್ಧ ಏನೂ ಹೇಳಲಿಲ್ಲ ಎಂದು ಅವರ ಪ್ರಶ್ನೆಗಳಿಂದಲೇ ತಿಳಿಯಿತು. ನನ್ನ ಮೇಲೆ ಅಷ್ಟು ಕೋಪವಿದ್ದರೂ ಹೇಳಲಿಲ್ಲ. ಆ ದಿನ ಮನೆಗೆ ಬಂದು ಬಹಳ ಅತ್ತೆ.

ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ನೀನು ಬಂದಿದ್ದೆ, ಅವಳು ನಿದ್ದೆಯಲ್ಲಿದ್ದಳು, ತಲೆ ಸವರಿ ಹೋದೆ ಅಂತ. "ಎಬ್ಬಿಸಬಾರದಿತ್ತೇನೇ" ಎಂದು ನನ್ನನ್ನು ಬೈದಳು. ಆಮೇಲೆ "ದಪ್ಪ ಆಗಿದ್ದಾನಾ?" ಎಂದು ಕೇಳಿದಳು. ಇಲ್ಲ, ಹಾಗೇ ಇದ್ದಾನೆ ಎಂದೆ. ಕೊನೆಯವರೆಗೂ ಅದೇ ಸಮಾಧಾನದಲ್ಲಿದ್ದಳು.

ನನಗೇನಾದರೂ ಆದರೆ ನಿನ್ನಿಂದ ಆಯಿತೆಂದು ಕೊರಗಬೇಡ. ಇಷ್ಟು ವರ್ಷ ಸುಳ್ಳು ಬರೆದ ಕೈಯಿಂದ ಒಂದು ನಿಜ ಬರೆಯುವುದಿತ್ತು. ನಿನಗೆ ಬರೆದೆ.

ಇಂತಿ,
ನಿನ್ನ ಅಕ್ಕ


೩ ಅಕ್ಟೋಬರ್ ೧೯೬೩

ಅಕ್ಕಾ,

ಇದು ನಾಲ್ಕನೆಯ ಪತ್ರ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದು "ವಿಳಾಸದಲ್ಲಿ ಇಲ್ಲ" ಎಂಬ ಮುದ್ರೆ ಹೊತ್ತು ವಾಪಸು ಬಂತು. ಅದರಲ್ಲಿ ಬರೆದದ್ದನ್ನೇ ಮತ್ತೆ ಬರೆಯುತ್ತೇನೆ.

ನಿನ್ನ ಜುಲೈ ಪತ್ರ ಆಗಸ್ಟಿನಲ್ಲಿ ತಲುಪಿತು. ಏಳು ಹಾಳೆ. ಓದಲು ಸಿಕ್ಕಿದ್ದು ಮೂರೇ ತುಣುಕು. "ತಮ್ಮಾ" ಎಂಬುದು. ಅಮ್ಮ ತೀರಿಕೊಂಡಳು ಎಂಬ ಸಾಲು. "ಇಂತಿ, ನಿನ್ನ ಅಕ್ಕ" ಎಂಬುದು. ಉಳಿದ ಎಲ್ಲದರ ಮೇಲೆ ಕಪ್ಪು ಮಸಿ ಬಳಿದಿದ್ದಾರೆ, ದಪ್ಪ ಕುಂಚದಲ್ಲಿ, ಎರಡೆರಡು ಸಲ. ಕಿಟಕಿಗೆ ಹಿಡಿದೆ, ದೀಪಕ್ಕೆ ಹಿಡಿದೆ, ಕಚೇರಿಯ ಭೂತಗನ್ನಡಿಯಲ್ಲಿ ನೋಡಿದೆ. ಒಂದಕ್ಷರವೂ ಏಳಲಿಲ್ಲ. ಆ ಕೋಣೆಯಲ್ಲಿ ಕೂತವರು ಯಾರೋ, ಅಮ್ಮನ ಸುದ್ದಿಯನ್ನಾದರೂ ಬಿಡೋಣ ಅಂದುಕೊಂಡಿರಬೇಕು.

ಮೊದಲು ಅಮ್ಮನಿಗಾಗಿ ಅತ್ತೆ. ಎರಡು ವಾರ ಪತ್ರವನ್ನು ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿರುವಾಗ ಹೊಳೆಯಿತು. ನೀನು ಅವರ ಜೊತೆ ಸೇರಿ ನನ್ನನ್ನು ಹಿಡಿಸಿದ್ದರೆ, ನಿನ್ನ ಪತ್ರದಲ್ಲಿ ಅವರು ಮುಚ್ಚಬೇಕಾದದ್ದು ಏನಿರುತ್ತಿತ್ತು? ಸುಳ್ಳಾಗಿದ್ದರೆ ಶುದ್ಧವಾಗಿ, ಒಂದು ಚುಕ್ಕೆ ಬೀಳದಂತೆ ನನ್ನ ಕೈಗೆ ಕೊಡುತ್ತಿದ್ದರು. ಅವರು ಇಷ್ಟು ಮಸಿ ಖರ್ಚು ಮಾಡುವುದು ನಿಜದ ಮೇಲೆ ಮಾತ್ರ. ನೀನು ಏನು ಬರೆದೆಯೋ ನನಗೆ ಗೊತ್ತಿಲ್ಲ ಅಕ್ಕಾ. ಎಲ್ಲವನ್ನೂ ನಂಬಿದೆ. ಸ್ವಂತ ಅಕ್ಕನನ್ನು ನಂಬಲು ನನಗೆ ಅವರ ಮಸಿ ಬೇಕಾಯಿತು.

ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು, ಆವತ್ತಿನಿಂದ ನಿದ್ದೆಯಿಲ್ಲ. ಏಳು ಹಾಳೆ ಮಸಿ ಬಳಿಸಿಕೊಂಡ ಪತ್ರ ಬರೆದವಳನ್ನು ಅವರು ಸುಮ್ಮನೆ ಬಿಡುತ್ತಾರೆಯೇ? ಬರೆಯುವಾಗ ಇದು ನಿನಗೆ ಗೊತ್ತಿತ್ತು. ಹೇಳು ಹೇಳು ಅಂತ ನಿನ್ನನ್ನು ಮೂಲೆಗೆ ತಳ್ಳಿದವನು ನಾನು.

ಕಪ್ಪು ಚೀಲದವರು ಮತ್ತೆ ಬಂದಿದ್ದರು. ಆ ಗೋಡೆ ಎಷ್ಟು ಉದ್ದ, ಕಾಲುವೆ ಯಾವ ಕಡೆಗೆ ತಿರುಗುತ್ತದೆ ಎಂದು ಕೇಳಿದರು. ನನಗೇನೂ ನೆನಪಿಲ್ಲ ಎಂದೆ. "ನೀವು ಹೆಜ್ಜೆ ಎಣಿಸೋರಲ್ವಾ?" ಎಂದರು. ಬಿಟ್ಟುಬಿಟ್ಟಿದ್ದೇನೆ ಎಂದೆ. ಅವರೂ ನನ್ನನ್ನು ಈಗ ನಂಬುವುದಿಲ್ಲ, ಬೇರೆ ಕೋಣೆಗೆ ಹಾಕಿದ್ದಾರೆ. ಇರಲಿ.

ಅಮ್ಮ ಕೊನೆಗೆ ನನ್ನ ವಿಷಯ ಏನಾದರೂ ಕೇಳಿದಳೇ? ಅದೂ ಆ ಮಸಿಯ ಕೆಳಗೇ ಇದೆಯೋ ಏನೋ.

ಈ ಪತ್ರ ಯಾರ ಕೈಗೆ ಸಿಕ್ಕರೂ ದಯವಿಟ್ಟು ಅವಳಿಗೆ ಮುಟ್ಟಿಸಿ. ಅಕ್ಕಾ, ಒಂದೇ ಒಂದು ಸಾಲು ಬರೆ. ಕೋಪದಲ್ಲಿ ಬರೆ, ಪೆನ್ಸಿಲಿನಲ್ಲಿ ಬರೆ, ಅವರು ಹೇಳಿದಂತೆಯೇ ಬರೆ. ಮನೆಯಲ್ಲೇ ಇದ್ದೇನೆ, ಚೆನ್ನಾಗಿದ್ದೇನೆ ಅಂತ. ಸುಳ್ಳಾದರೂ ನಂಬುತ್ತೇನೆ.

ನಿನ್ನ ತಮ್ಮ